ಕೊಲ್ಲುವ ಮದ್ದು, ಕಾಯುವ ಲೋಳೆ

ಬೆಂಗಳೂರಿಗೆ ಪ್ಲೇಗು ಬಂದದ್ದು ರೈಲಿನಲ್ಲಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಬೇನೆ ಎರಡು ವರ್ಷದೊಳಗೆ ಹುಬ್ಬಳ್ಳಿಗೆ ಬಂದು ಬೇರೂರಿತ್ತು. 1898ರ ಆಗಸ್ಟ್‌ನಲ್ಲಿ ಆ ದಿಕ್ಕಿನ ರೈಲಿನಲ್ಲಿ ಬಂದವರ ಜೊತೆ ಅದು ಬೆಂಗಳೂರಿಗೂ ಇಳಿಯಿತು. ಸಿಟಿ ಸ್ಟೇಷನ್ನಿನ ಬೆನ್ನಿಗಿರುವ ಭಾಗವೇ ಬಿನ್ನಿಪೇಟೆ. 1884ರಲ್ಲಿ ಹುಟ್ಟಿದ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1886ರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿತು. ಪೇಟೆಗೂ ಆ ಹೆಸರೇ ನಿಂತಿತು. ಒಂದು ಕಡೆ ರೈಲು ಹಳಿ, ಇನ್ನೊಂದು ಕಡೆ ನೂಲು ನೇಯುವ ಮಿಲ್ಲು, ಸುತ್ತ ಕೂಲಿಕಾರರ ಒತ್ತೊತ್ತಾದ ಮನೆಗಳು. ಇಲಿಯೂ ಇಲಿಯ ಮೈಮೇಲಿನ ಚಿಗಟವೂ ಹಬ್ಬಲು ಬೇಕಾದದ್ದೆಲ್ಲ ಇಂಥ ಕಡೆ ಒಟ್ಟಿಗೇ ಇರುತ್ತದೆ. 1891ರ ಜನಗಣತಿಯಲ್ಲಿ ಬೆಂಗಳೂರು ಸಿಟಿಯಲ್ಲಿ 80,285 ಜನರಿದ್ದರು, 1901ರಲ್ಲಿ 69,447. ದಂಡು ಪ್ರದೇಶವನ್ನೂ ಸೇರಿಸಿದರೆ 1,80,366 ಇದ್ದದ್ದು 1,59,046ಕ್ಕೆ ಇಳಿದಿತ್ತು. ಕಡಿಮೆಯಾದವರೆಲ್ಲ ಸತ್ತವರಲ್ಲ, ಬಹಳ ಮಂದಿ ಊರು ಬಿಟ್ಟವರು. ಆದರೂ ಬೆಳೆಯುತ್ತಿದ್ದ ಪಟ್ಟಣವೊಂದು ಹತ್ತು ವರ್ಷದಲ್ಲಿ ಹೀಗೆ ಕುಗ್ಗಿತೆಂದರೆ ಆ ದಿನಗಳ ಭಯ ಎಷ್ಟಿತ್ತೆಂದು ಊಹಿಸಬಹುದು.

ಆಗ ವೈದ್ಯರ ಕೈಯಲ್ಲಿ ಏನಿತ್ತು? ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಹಾಫ್ಕಿನ್ 1897ರಲ್ಲಿ ಮುಂಬಯಿಯಲ್ಲಿ ಲಸಿಕೆ ಸಿದ್ಧಪಡಿಸಿದ್ದ. ಆದರೆ ಬೇನೆ ಬಿದ್ದವರಿಗೆ ಕೊಡಲು ನೆಚ್ಚಬಹುದಾದ ಮದ್ದು ಯಾವುದೂ ಇರಲಿಲ್ಲ. ಬೇನೆ ಹೇಗೆ ಹರಡುತ್ತದೆ ಎಂಬುದೂ ಇತ್ಯರ್ಥವಾಗಿರಲಿಲ್ಲ. ಬೆಂಗಳೂರಿಗೆ ಪ್ಲೇಗು ಕಾಲಿಡುವ ಎರಡೇ ತಿಂಗಳ ಮೊದಲು, 1898ರ ಜೂನ್‌ನಲ್ಲಿ, ಪಾಲ್ ಲೂಯಿ ಸಿಮಂಡ್ ಕರಾಚಿಯಲ್ಲಿ ಪ್ರಯೋಗ ನಡೆಸಿ ಇಲಿಯಿಂದ ಇಲಿಗೆ ಪ್ಲೇಗು ದಾಟಿಸುವುದು ಚಿಗಟವೆಂದು ತೋರಿಸಿದ್ದ. ವಿದ್ವತ್ ಲೋಕ ಅದನ್ನು ಒಪ್ಪಲು ಇನ್ನೂ ಹತ್ತು ವರ್ಷದಷ್ಟು ಕಾಲ ಬೇಕಾಯಿತು. ಹೀಗಾಗಿ ಮೈಸೂರು ಸರ್ಕಾರ ಕತ್ತಲಲ್ಲೇ ತಡಕಾಡಬೇಕಾಯಿತು. ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಆಗಿ ನೇಮಿಸಿತು. ಸೋಂಕಿನ ಮನೆಗಳನ್ನು ಖಾಲಿ ಮಾಡಿಸುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳುವಂತೆ ಮಾಡುವುದು, ಗೋಡೆಗೆ ಸುಣ್ಣ ಬಳಿಸುವುದು, ಊರಾಚೆ ಗುಡಿಸಲು ಹಾಕಿಸಿ ಜನರನ್ನು ಅಲ್ಲಿಗೆ ಸಾಗಿಸುವುದು, ರೈಲಿನಲ್ಲಿ ಬಂದವರನ್ನು ತಪಾಸಣೆ ಮಾಡುವುದು, ಇವೇ ಅಂದಿನ ಕ್ರಮಗಳು. ತಿರುವಾಂಕೂರಿನಲ್ಲಿ ಜಾತಿಯ ಕಾರಣಕ್ಕೆ ಕೆಲಸ ಸಿಗದೆ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಪಲ್ಪು ಆ ಶಿಬಿರಗಳಲ್ಲಿ ಜೀವದ ಹಂಗು ತೊರೆದು ದುಡಿದರು. ಜನರಿಗೆ ಈ ಕ್ರಮಗಳು ಬೇನೆಯಷ್ಟೇ ಭೀಕರವಾಗಿ ಕಂಡವು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯೇ ಆಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಕೊರತೆಯ ಕಥೆಯೆಂದೇ ಹೇಳುತ್ತಾರೆ: ಪಾಪ, ಆಗ ಆಂಟಿಬಯೋಟಿಕ್ ಇರಲಿಲ್ಲ, ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ ಎಂದು. ಸಮುದ್ರದ ಪ್ರಾಣಿಗಳಲ್ಲಿ, ಅದರಲ್ಲೂ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ನಲ್ಲಿ, ಬ್ಯಾಕ್ಟೀರಿಯಾ ತಡೆಯುವ ವಸ್ತುಗಳನ್ನು ಹುಡುಕಿದವರ ಕಥೆಯನ್ನೂ ಇದೇ ಧಾಟಿಯಲ್ಲಿ ಹೇಳುವುದುಂಟು: ಅರವತ್ತು ವರ್ಷ ಹುಡುಕಿದರು, ಅಂಗಡಿಯಲ್ಲಿ ಸಿಗುವ ಒಂದು ಮಾತ್ರೆಯೂ ಹೊರಬರಲಿಲ್ಲ ಎಂದು. ಎರಡು ಕಥೆಗಳನ್ನೂ ತಪ್ಪು ಪ್ರಶ್ನೆಯಿಂದ ಅಳೆಯಲಾಗಿದೆ ಎಂಬುದು ನನ್ನ ವಾದ. ರೋಗಾಣುವನ್ನು ಕೊಲ್ಲುವ ಒಂದು ವಸ್ತು ಇದೆಯೇ, ಇಲ್ಲವೇ ಎಂದಷ್ಟೇ ಕೇಳಿದರೆ ಎರಡು ಕಡೆಯೂ ಉತ್ತರ ಸೊನ್ನೆಯ ಹತ್ತಿರವೇ ಇರುತ್ತದೆ. ರೋಗಾಣು ನೆಲೆಯೂರದಂತೆ ತಡೆಯುವುದು ಹೇಗೆ ಎಂದು ಕೇಳಿದರೆ, ಆ ಕಾಲದ ಬೆಂಗಳೂರಿಗೂ ಕಡಲಿನ ಬೊಂಡಾಸಿಗೂ ಹೇಳಲು ಬಹಳ ಇದೆ. ಸಮುದ್ರದ ನೀರಿನ ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ. ಬೊಂಡಾಸು ಅದೇ ನೀರನ್ನು ಒಳಗೆಳೆದು ಉಸಿರಾಡುತ್ತದೆ, ಅದರಲ್ಲೇ ಮೊಟ್ಟೆಯಿಡುತ್ತದೆ. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಅದಕ್ಕಿಲ್ಲ. ಒಮ್ಮೆ ಕಂಡ ಶತ್ರುವನ್ನು ನೆನಪಿಟ್ಟು ಪ್ರತಿಕಾಯದಿಂದ ಹೊಡೆಯುವ ವ್ಯವಸ್ಥೆ ಬೆನ್ನೆಲುಬಿರುವ ಪ್ರಾಣಿಗಳದು. ಆದರೂ ಅದರ ವಂಶ ಕೋಟ್ಯಂತರ ವರ್ಷ ಬಾಳಿದೆ.

ಕಡಲ ಪ್ರಾಣಿಗಳು ಹೀಗೆ ಬದುಕುಳಿಯುವ ಬಗೆ ವಿಜ್ಞಾನಕ್ಕೆ ಮೊದಲು ಹೊಳೆದದ್ದು ಬಿನ್ನಿ ಮಿಲ್ಲಿನ ಅಡಿಗಲ್ಲಿಗಿಂತ ಎರಡು ವರ್ಷ ಹಿಂದೆ. 1882ರಲ್ಲಿ ಇಟಲಿಯ ಮೆಸ್ಸೀನಾದ ಕಡಲತೀರದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗಳಿಗೆ ಗುಲಾಬಿಯ ಮುಳ್ಳು ಚುಚ್ಚಿ, ಮರುದಿನ ನೋಡಿದ. ಮುಳ್ಳಿನ ಸುತ್ತ ಅಲೆಮಾರಿ ಜೀವಕೋಶಗಳು ಮುತ್ತಿಕೊಂಡಿದ್ದವು. ಹೊರಗಿನಿಂದ ಬಂದದ್ದನ್ನು ನುಂಗಿಹಾಕುವ ಕೋಶಗಳು ದೇಹದಲ್ಲಿವೆ ಎಂಬ ಅವನ ಸಿದ್ಧಾಂತಕ್ಕೆ 1908ರ ನೊಬೆಲ್ ಪ್ರಶಸ್ತಿ ಸಂದಿತು. ರೋಗನಿರೋಧದ ವಿಜ್ಞಾನದ ಅರ್ಧ ಭಾಗ ಒಂದು ಕಡಲ ಪ್ರಾಣಿಯಿಂದ ಬಂದಿತೆನ್ನುವುದು ಉತ್ಪ್ರೇಕ್ಷೆಯಲ್ಲ. ಆದರೆ ಮುಂದಿನ ಅರ್ಧ ಶತಮಾನದಲ್ಲಿ ಜನರ ಗಮನ ಸೆಳೆದದ್ದು ಬೇರೆಯದೇ ದಾರಿ. 1928ರಲ್ಲಿ ಫ್ಲೆಮಿಂಗ್‌ ಕಣ್ಣಿಗೆ ಬಿದ್ದ ಪೆನಿಸಿಲಿನ್, 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್‌ಗೆ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಸ್ಟ್ರೆಪ್ಟೊಮೈಸಿನ್. ಎರಡನೆಯದು ಪ್ಲೇಗಿಗೂ ನಾಟಿತು. ಚಿಕಿತ್ಸೆಯಿಲ್ಲದ ಗಡ್ಡೆ ಪ್ಲೇಗಿನಲ್ಲಿ ನೂರಕ್ಕೆ 30ರಿಂದ 60 ಮಂದಿ ಸಾಯುತ್ತಿದ್ದ ಕಡೆ, ಸಕಾಲಕ್ಕೆ ಮದ್ದು ಸಿಕ್ಕವರಲ್ಲಿ ಹೆಚ್ಚಿನವರು ಉಳಿಯತೊಡಗಿದರು. ಇದನ್ನು ಯಾರೂ ಕಿರಿದು ಮಾಡಲಾಗದು, ಮಾಡಬಾರದು. ಆದರೆ ಇದರ ಬೆಳಕಿನಲ್ಲಿ ಒಂದು ಭಾವನೆ ಗಟ್ಟಿಯಾಯಿತು: ಪ್ರಕೃತಿಯಲ್ಲಿ ಎಲ್ಲೆಲ್ಲೋ ಇಂಥ ಕೊಲೆಗಡುಕ ವಸ್ತುಗಳು ಅಡಗಿವೆ, ಹೆಕ್ಕಿ ಶುದ್ಧಮಾಡಿದರೆ ಸಾಕು.

ಆ ಭಾವನೆಯೊಂದಿಗೇ ಸಮುದ್ರದ ಶೋಧ ಶುರುವಾಯಿತು. 1945ರಲ್ಲಿ ಸಾರ್ಡೀನಿಯಾ ದ್ವೀಪದ ಕಲ್ಯಾರಿಯಲ್ಲಿ ಜುಸೆಪ್ಪೆ ಬ್ರೋಟ್ಸು ಊರಿನ ಚರಂಡಿ ಕಡಲಿಗೆ ಸೇರುವ ಜಾಗದ ನೀರಿನಿಂದ ಒಂದು ಶಿಲೀಂಧ್ರವನ್ನು ಬೇರ್ಪಡಿಸಿದ. ಆ ಕೊಳಕು ನೀರು ತಾನಾಗಿಯೇ ತಿಳಿಯಾಗುವುದರ ಗುಟ್ಟು ಅವನಿಗೆ ಬೇಕಿತ್ತು. ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ಅದರಿಂದ ಸೆಫಲೊಸ್ಪೊರಿನ್ ಸಿ ಪಡೆದರು; 1964ರಲ್ಲಿ ಆ ಕುಲದ ಮೊದಲ ಔಷಧ ಮಾರುಕಟ್ಟೆಗೆ ಬಂತು. ಇಂದು ಬೆಂಗಳೂರಿನ ಯಾವ ಔಷಧದಂಗಡಿಯಲ್ಲೂ ಸೆಫಲೊಸ್ಪೊರಿನ್ ಇಲ್ಲದೆ ವ್ಯಾಪಾರ ನಡೆಯದು. ಪೀಣ್ಯದ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆಂಟಿಬಯೋಟಿಕ್ಸ್ ಕಾರ್ಖಾನೆಯೂ ಅದನ್ನು ತಯಾರಿಸುತ್ತದೆ. ಆದರೆ ಅದು ಕಡಲ ಪ್ರಾಣಿಯ ಕೊಡುಗೆಯಲ್ಲ, ಕಡಲಿಗೆ ಹರಿದ ಚರಂಡಿಯ ಬಳಿ ಸಿಕ್ಕ ಶಿಲೀಂಧ್ರದ್ದು. ನೇರವಾಗಿ ಪ್ರಾಣಿಗಳಲ್ಲೇ ಹುಡುಕಿದವರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಿ. ಪಿ. ಲಿ ಮುಖ್ಯರು. 1960ರ ಸುಮಾರಿಗೆ ಅವರು ಅಬಲೋನ್ ಎಂಬ ಚಿಪ್ಪುಜೀವಿಯ ರಸ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತದೆಂದು ತೋರಿಸಿದರು. ಅದರಲ್ಲಿನ ಅಂಶಕ್ಕೆ ಪಾವೊಲಿನ್ ಎಂದು ಹೆಸರಾಯಿತು. 1979ರಲ್ಲಿ ಜಪಾನಿನಿಂದ ಬೊಂಡಾಸಿನ ನಂಟನಾದ ಕಟ್ಲ್‌ಫಿಶ್‌ನ ಮಸಿಗೆ ಆಹಾರ ಕೆಡದಂತೆ ತಡೆಯುವ ಗುಣವಿದೆಯೆಂದು ವರದಿ ಬಂತು. 1993ರಲ್ಲಿ ಮೈಕೆಲ್ ಜಾಸ್ಲಾಫ್ ತಂಡ ಡಾಗ್‌ಫಿಶ್ ಎಂಬ ಪುಟ್ಟ ಶಾರ್ಕಿನ ಹೊಟ್ಟೆಯಿಂದ ಸ್ಕ್ವಾಲಮೈನ್ ಪಡೆದಾಗ ಪತ್ರಿಕೆಗಳು ಹೊಸ ಪೆನಿಸಿಲಿನ್ ಸಿಕ್ಕಿತೆಂಬಂತೆ ಬರೆದವು.

ಪ್ರಾಣಿಗಳಿಂದ ಸಿಕ್ಕ ಇವುಗಳಲ್ಲಿ ಒಂದೂ ಬ್ಯಾಕ್ಟೀರಿಯಾ ಸೋಂಕಿಗೆ ಕೊಡುವ ಔಷಧವಾಗಲಿಲ್ಲ. ಕಾರಣಗಳನ್ನು ಹುಡುಕಲು ಕಷ್ಟವಿಲ್ಲ. ಮಣ್ಣಿನ ಸೂಕ್ಷ್ಮಜೀವಿಯನ್ನು ಕಾರ್ಖಾನೆಯ ತೊಟ್ಟಿಯಲ್ಲಿ ಬೇಕಾದಷ್ಟು ಬೆಳೆಸಬಹುದು, ಶಾರ್ಕನ್ನು ಹಾಗೆ ಬೆಳೆಸಲಾಗದು. ಕಡಲ ಪ್ರಾಣಿಗಳ ಇಂಥ ವಸ್ತುಗಳಲ್ಲಿ ಬಹಳಷ್ಟು ಸಣ್ಣ ಪ್ರೋಟೀನುಗಳು. ನುಂಗಿದರೆ ಜೀರ್ಣವಾಗುತ್ತವೆ, ಚುಚ್ಚಿದರೆ ಕೆಲವು ನಮ್ಮ ಕೆಂಪು ರಕ್ತಕಣಗಳನ್ನೇ ಒಡೆಯುತ್ತವೆ. ಆದರೆ ಮೂಲ ಕಾರಣ ಇನ್ನೂ ಆಳದಲ್ಲಿದೆ ಎನಿಸುತ್ತದೆ. ಆ ವಸ್ತುಗಳು ತಮ್ಮ ಪ್ರಾಣಿಯಲ್ಲಿ ಒಂಟಿಯಾಗಿ ಕೆಲಸ ಮಾಡಿದ್ದೇ ಇಲ್ಲ. ಒಂದು ನಿರ್ದಿಷ್ಟ ಜಾಗದಲ್ಲಿ, ಲೋಳೆಯ ಪದರದೊಳಗೆ, ನುಂಗುವ ಕೋಶಗಳ ಜೊತೆಗೆ, ಎಷ್ಟೋ ಸಲ ಇತರ ಬ್ಯಾಕ್ಟೀರಿಯಾಗಳ ನೆರವಿನಿಂದ ಅವು ಕೆಲಸ ಮಾಡುತ್ತವೆ. ಆ ನೆರೆಹೊರೆಯಿಂದ ಕಿತ್ತು ಬಾಟಲಿಗೆ ಹಾಕಿದಾಗ ಅವುಗಳ ಬಲ ಅರ್ಧಕ್ಕರ್ಧ ಹಿಂದೆಯೇ ಉಳಿಯುತ್ತದೆ.

ಪ್ರಾಣಿಯ ಇಡೀ ವ್ಯವಸ್ಥೆಯನ್ನು ನೋಡಿ ಕಲಿತಾಗ ಫಲ ಸಿಕ್ಕ ಒಂದು ಉದಾಹರಣೆ ಇದೆ. 1950ರ ದಶಕದಲ್ಲಿ ಫ್ರೆಡರಿಕ್ ಬ್ಯಾಂಗ್ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಕುದುರೆಲಾಳದ ಏಡಿಗೆ ಬ್ಯಾಕ್ಟೀರಿಯಾ ಚುಚ್ಚಿದಾಗ ಅದರ ನೀಲಿ ರಕ್ತ ಮೈಯೊಳಗೇ ಹೆಪ್ಪುಗಟ್ಟಿತು. 1956ರಲ್ಲಿ ಅದನ್ನು ಪ್ರಕಟಿಸಿದ. ಮುಂದಿನ ದಶಕದಲ್ಲಿ ಜ್ಯಾಕ್ ಲೆವಿನ್ ಜೊತೆ ಸೇರಿ, ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ವಿಷದ ಅತ್ಯಲ್ಪ ಅಂಶಕ್ಕೂ ಆ ಏಡಿಯ ರಕ್ತಕೋಶ ಹೆಪ್ಪುಗಟ್ಟುತ್ತದೆಂದು ಕಂಡುಕೊಂಡ. ಏಡಿಗೆ ಅದು ರಕ್ಷಣೆ: ಗಾಯದಿಂದ ಒಳಗೆ ಬಂದ ಬ್ಯಾಕ್ಟೀರಿಯಾ ಮುಂದೆ ಹರಿಯದಂತೆ ಅಲ್ಲೇ ಗೋಡೆ ಕಟ್ಟುವುದು. ಮನುಷ್ಯರಿಗೆ ಅದು ಪರೀಕ್ಷೆಯಾಯಿತು. 1977ರಲ್ಲಿ ಅಮೆರಿಕದ ಔಷಧ ಆಡಳಿತದ ಒಪ್ಪಿಗೆ ಪಡೆದ ಆ ಪರೀಕ್ಷೆ ಲಸಿಕೆ, ಚುಚ್ಚುಮದ್ದು, ಡ್ರಿಪ್ ಬಾಟಲಿಗಳ ಶುದ್ಧತೆ ನೋಡಲು ಲೋಕವಿಡೀ ಬಳಕೆಗೆ ಬಂತು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿರುವ ರೋಗಿಯ ನರಕ್ಕೆ ಇಳಿಯುವ ದ್ರವ ನಿರಪಾಯವೆಂದು ನಂಬಲು ಇಂಥ ಪರೀಕ್ಷೆಯೇ ಆಧಾರ. ಇದಕ್ಕಾಗಿ ಲಕ್ಷಾಂತರ ಏಡಿಗಳ ರಕ್ತ ಬಸಿಯುವುದು ನಡೆದುಬಂದಿದೆ. ಪ್ರಯೋಗಾಲಯದಲ್ಲೇ ತಯಾರಿಸಿದ ಪರ್ಯಾಯ ಈಗ ಸಿದ್ಧವಿದೆ, ಅದಕ್ಕೆ ಬೇಗ ಬದಲಾಗುವುದು ನ್ಯಾಯ. ಇಲ್ಲಿ ಕಡಲ ಪ್ರಾಣಿಯಿಂದ ನಮಗೆ ಸಿಕ್ಕದ್ದು ಬ್ಯಾಕ್ಟೀರಿಯಾವನ್ನು ಒಳಗೆ ಬಿಟ್ಟುಕೊಳ್ಳದಿರುವ ಎಚ್ಚರ.

ನಮ್ಮ ಪರಂಪರೆ ಕಡಲ ಪ್ರಾಣಿಗಳ ಬ್ಯಾಕ್ಟೀರಿಯಾ ತಡೆಯುವ ಗುಣವನ್ನು ಎಂದೋ ಬಲ್ಲದು, ಗ್ರಂಧಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ಸಮುದ್ರನೊರೆಯೇ ಸಾಕ್ಷಿ ಎಂದು ಹೇಳುವವರಿದ್ದಾರೆ. ಸಮುದ್ರನೊರೆ ಬೊಂಡಾಸಿನ ಹತ್ತಿರದ ನಂಟನಾದ ಕಟ್ಲ್‌ಫಿಶ್‌ನ ಒಳಗಿನ ಓಡು. ಆಯುರ್ವೇದದಲ್ಲಿ ಕಿವಿ ಸೋರುವುದಕ್ಕೂ ಕಣ್ಣಿನ ಅಂಜನಕ್ಕೂ ಅದನ್ನು ಹೇಳಿದೆ. ಕಡಲಿಂದ ಇಷ್ಟು ದೂರದ ಬೆಂಗಳೂರಿನ ಪೇಟೆಗೂ ಅದು ಮೂಟೆಯಲ್ಲಿ ಬಂದು ಸೇರುತ್ತದೆ ಎನ್ನುವುದು ಹಳೆಯ ವ್ಯಾಪಾರದ ಹಾದಿಗಳ ಗುರುತು. ಆದರೆ ಅದರಲ್ಲಿ ಹೆಚ್ಚುಪಾಲು ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದಕಲ್ಲಿನ ವಸ್ತು. ನುಣ್ಣಗೆ ಪುಡಿ ಮಾಡಿದರೆ ತೇವ ಹೀರುತ್ತದೆ. ಸೋರುವ ಕಿವಿ ಒಣಗಿದರೆ ಬ್ಯಾಕ್ಟೀರಿಯಾಗೆ ಕಷ್ಟವಾಗುವುದು ಸಹಜ. ಇದನ್ನು ಆಂಟಿಬಯೋಟಿಕ್ ಎಂದು ಕರೆದು ಹೆಮ್ಮೆಪಡುವುದು ಪರಂಪರೆಗೆ ಗೌರವವಲ್ಲ. ಕಿವಿಯ ತಮಟೆಯಲ್ಲಿ ತೂತಿರುವ ಮಗುವಿಗೆ ಪುಡಿ ಊದುವುದು ಅಪಾಯಕರ ಎನ್ನುವುದನ್ನೂ ಇದರ ಜೊತೆಯಲ್ಲೇ ಹೇಳಬೇಕು.

ಹಾಗಾದರೆ ಬೊಂಡಾಸು ತನ್ನನ್ನು ಕಾಪಾಡಿಕೊಳ್ಳುವುದು ಹೇಗೆ? ಉತ್ತರ ಸಿಕ್ಕದ್ದು ಅದರ ಮೊಟ್ಟೆಗಳಲ್ಲಿ. ಹೆಣ್ಣು ಬೊಂಡಾಸು ಬೆರಳಿನಾಕಾರದ ಲೋಳೆಯ ಕೋಶಗಳಲ್ಲಿ ಮೊಟ್ಟೆಗಳನ್ನು ತುಂಬಿ, ಕಡಲ ತಳಕ್ಕೆ ಅಂಟಿಸಿ ಹೊರಟುಹೋಗುತ್ತದೆ. ಕಾವಲಿಗೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ಪೌಷ್ಟಿಕ ಲೋಳೆ, ಬೆಚ್ಚಗಿನ ನೀರು, ಸುತ್ತ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರ. ಅವು ಮೂರೇ ದಿನದಲ್ಲಿ ಕೊಳೆಯಬೇಕಿತ್ತು, ಕೊಳೆಯುವುದಿಲ್ಲ. ಹೆಣ್ಣಿನ ಮೈಯಲ್ಲಿ ಮೊಟ್ಟೆಯ ಹೊದಿಕೆ ತಯಾರಿಸುವ ಗ್ರಂಥಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಸಹಾಯಕ ಗ್ರಂಥಿ ಇದೆ. ಪ್ರಾಯಕ್ಕೆ ಬಂದಾಗ ಅದು ಕೆಂಪಾಗುತ್ತದೆ. ಆ ಬಣ್ಣ ಅದರೊಳಗೆ ತುಂಬಿರುವ ಬ್ಯಾಕ್ಟೀರಿಯಾಗಳದು. 1997ರಲ್ಲಿ ಅಟ್ಲಾಂಟಿಕ್ ತೀರದ ಬೊಂಡಾಸಿನ ಈ ಗ್ರಂಥಿಯಲ್ಲೂ ಮೊಟ್ಟೆಯ ಕೋಶದಲ್ಲೂ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ವರದಿಯಾಯಿತು. 2001ರಲ್ಲಿ ಆಸ್ಟ್ರೇಲಿಯಾದ ಕರ್ಸ್ಟನ್ ಬೆಂಕೆಂಡಾರ್ಫ್ ಮತ್ತು ಸಂಗಡಿಗರು 39 ಬಗೆಯ ಮೃದ್ವಂಗಿಗಳ ಮೊಟ್ಟೆಗಳನ್ನು ಪರೀಕ್ಷಿಸಿದಾಗ ಬಹುಪಾಲಿನಲ್ಲಿ ಇಂಥ ರಕ್ಷಣೆ ಕಂಡಿತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನಮ್ಮದೇ ಕಡಲಿನ ಬೊಂಡಾಸಿನದು, ಆಗ ಲೊಲಿಗೊ ಡುವಾಸೆಲಿ ಎಂದು ಕರೆಯುತ್ತಿದ್ದ ಜಾತಿ; ಮಲ್ಪೆ, ಮಂಗಳೂರಿನ ಬಂದರಿನಲ್ಲಿ ಟ್ರಾಲರುಗಳು ತಂದು ಸುರಿಯುವ ಬೊಂಡಾಸೂ ಅದೇ. ಅದರ ಸಹಾಯಕ ಗ್ರಂಥಿಯ ಸಾರಕ್ಕೂ ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಇದೆಯೆಂದು ಗೊತ್ತಾಯಿತು.

ಹವಾಯಿಯ ಪುಟ್ಟ ಬಾಬ್‌ಟೇಲ್ ಬೊಂಡಾಸು ಈ ಕಥೆಯನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. 1990ರ ದಶಕದಿಂದ ಮಾರ್ಗರೆಟ್ ಮೆಕ್‌ಫಾಲ್-ನ್ಗಾಯ್ ಮತ್ತು ನೆಡ್ ರೂಬಿ ಅದರ ಬೆಳಕಿನ ಅಂಗವನ್ನು ಅಭ್ಯಾಸ ಮಾಡಿದರು. ಮೊಟ್ಟೆಯೊಡೆದ ಮರಿಯ ಆ ಅಂಗದಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಲೋಳೆ ಸುರಿಸಿ ನೀರಿನ ಅಸಂಖ್ಯ ಬ್ಯಾಕ್ಟೀರಿಯಾಗಳಲ್ಲಿ ವಿಬ್ರಿಯೊ ಫಿಷೆರಿ ಎಂಬ ಒಂದನ್ನು ಮಾತ್ರ ಒಳಗೆ ಬಿಟ್ಟುಕೊಂಡು ಉಳಿದವನ್ನು ಹೊರಗೇ ತಡೆಯುತ್ತದೆ. ಆ ಆಯ್ಕೆಯಲ್ಲಿ ನೆರವಾಗುವ ಕಿಣ್ವಗಳಲ್ಲಿ ಒಂದು ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾ ಸುಡಲು ಬಳಸುವ ಕಿಣ್ವದ ಹತ್ತಿರದ ಬಂಧು. ಒಳಗೆ ಬಿಟ್ಟುಕೊಂಡದ್ದನ್ನೂ ಅದು ಲಂಗುಲಗಾಮಿಲ್ಲದೆ ಬೆಳೆಯಗೊಡದು. ದಿನವೂ ಬೆಳಗಿನ ಜಾವ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಬ್ಯಾಕ್ಟೀರಿಯಾಗಳನ್ನು ಹೊರದಬ್ಬುತ್ತದೆ. ಮೊಟ್ಟೆಯ ವಿಷಯದಲ್ಲಿ ನಿರ್ಣಾಯಕ ಪ್ರಯೋಗ ನಡೆಸಿದ್ದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ಸ್ಪೆನ್ಸರ್ ನೈಹೋಮ್ ಅವರ ತಂಡ. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಬೊಂಡಾಸಿನ ಮೊಟ್ಟೆಗಳಿಗೆ ಆಂಟಿಬಯೋಟಿಕ್ ಕೊಟ್ಟು ಲೋಳೆಯಲ್ಲಿದ್ದ ಬ್ಯಾಕ್ಟೀರಿಯಾಗಳನ್ನು ಕೊಂದರು. ಮೊಟ್ಟೆಗಳು ಶುದ್ಧವಾಗಿ, ಸುರಕ್ಷಿತವಾಗಿ ಉಳಿಯಲಿಲ್ಲ. ಶಿಲೀಂಧ್ರ ಮುತ್ತಿ ಭ್ರೂಣಗಳು ಸತ್ತವು. ಬ್ಯಾಕ್ಟೀರಿಯಾ ಹಾಗೇ ಇದ್ದ ಮೊಟ್ಟೆಗಳು ಬದುಕಿದವು. ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ತೂಕದ ಪುರಾವೆಯಾಗಿ ಕಾಣುವುದು ಇದೇ. ನಾವು ಯಾವ ಪ್ರಾಣಿಯಲ್ಲಿ ಆಂಟಿಬಯೋಟಿಕ್ ಹುಡುಕುತ್ತ ಹೋದೆವೋ ಆ ಪ್ರಾಣಿಯ ಮಕ್ಕಳನ್ನು ನಮ್ಮ ಆಂಟಿಬಯೋಟಿಕ್ಕೇ ನಿರಾಯುಧರನ್ನಾಗಿಸಿತು.

ಇದು ಹವಾಯಿಯ ಮಾತು, ನಮಗೇನು ಎನ್ನುವಂತಿಲ್ಲ. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಅಂಗವಾಗಿ ಆರಂಭವಾಯಿತು. ಅಲ್ಲಿ ಇಡ್ಯಾ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ದಂಪತಿ ದಶಕಗಳ ಕಾಲ ಕಡಲ ಬ್ಯಾಕ್ಟೀರಿಯಾಗಳನ್ನು ಅಭ್ಯಾಸ ಮಾಡಿದರು. 1994ರಲ್ಲಿ ಅವರ ತಂಡ ಒಂದು ಆತಂಕದ ವರದಿ ಪ್ರಕಟಿಸಿತು: ಸೀಗಡಿ ಮರಿ ಬೆಳೆಸುವ ಕೇಂದ್ರದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತಿದ್ದವು, ಕಾರಣ ಆಂಟಿಬಯೋಟಿಕ್‌ಗೆ ಬಗ್ಗದ ವಿಬ್ರಿಯೊ ಹಾರ್ವೆಯಿ. ಎರಡು ವರ್ಷದ ಬಳಿಕ ಅವರು ತೋರಿಸಿದ್ದು ಇನ್ನೂ ಮುಖ್ಯವಾದದ್ದು. ಆ ಬ್ಯಾಕ್ಟೀರಿಯಾ ಸಿಮೆಂಟು, ಪ್ಲಾಸ್ಟಿಕ್, ಉಕ್ಕಿನ ಮೇಲ್ಮೈಗಳಿಗೆ ಅಂಟಿಕೊಂಡು ತೆಳುಪರೆ ಕಟ್ಟುತ್ತದೆ. ಪರೆಯೊಳಗಿದ್ದಾಗ ಕ್ಲೋರಿನ್ನಿಗೂ ಟೆಟ್ರಾಸೈಕ್ಲಿನ್ನಿಗೂ ಸುಲಭವಾಗಿ ಸಾಯುವುದಿಲ್ಲ. ಅಂದರೆ ಪ್ರಶ್ನೆ ಮದ್ದಿನ ಬಲದ್ದಷ್ಟೇ ಆಗಿರಲಿಲ್ಲ, ಬ್ಯಾಕ್ಟೀರಿಯಾ ಎಲ್ಲಿ ಮನೆ ಮಾಡಿಕೊಂಡಿದೆ ಎಂಬುದಾಗಿತ್ತು. ಮುಂದೆ ಅವರು ಆ ಬ್ಯಾಕ್ಟೀರಿಯಾವನ್ನೇ ತಿನ್ನುವ ಫೇಜ್ ವೈರಸ್ಸುಗಳನ್ನು ಬಳಸಿ ಸೀಗಡಿ ಮರಿಗಳನ್ನು ಉಳಿಸುವ ದಾರಿ ಹಿಡಿದರು. ಒಂದು ಜೀವಿಯನ್ನು ಹದ್ದುಬಸ್ತಿನಲ್ಲಿಡಲು ಇನ್ನೊಂದು ಜೀವಿಯ ನೆರವು: ಬೊಂಡಾಸಿನ ಲೋಳೆಯ ನ್ಯಾಯವೂ ಇದೇ.

ಈಗ ಮೊದಲ ಕಥೆಗೆ, ಅಂದರೆ ಪ್ಲೇಗಿನ ನಂತರ ಗಾಳಿ ಬೆಳಕಿನ ಬಡಾವಣೆ, ಚರಂಡಿಗಳ ಮೂಲಕ ಬೇನೆ ನೆಲೆಯೂರದಂತೆ ತಡೆಯಹೊರಟ ಬೆಂಗಳೂರಿನ ಕಥೆಗೆ, ಬರುವ ಆಕ್ಷೇಪಗಳು. ಬೆಂಗಳೂರಿನಲ್ಲಿ ಪ್ಲೇಗು ತಗ್ಗಿದ್ದು ಬಡಾವಣೆ, ಬೆಳಕು, ಚರಂಡಿಗಳಿಂದಲೇ ಎಂದು ಹೇಗೆ ಹೇಳುತ್ತೀರಿ? ಒಪ್ಪಬೇಕಾದ ಮಾತು. ಸಂಸ್ಥಾನದಲ್ಲಿ ಪ್ಲೇಗು ಮುಂದಿನ ಹಲವು ದಶಕ ಮತ್ತೆಮತ್ತೆ ಬಂದುಹೋಯಿತು. ಭಾರತದಲ್ಲಿ ಅದು ಕ್ಷೀಣಿಸಿದ್ದಕ್ಕೆ ಇಲಿಗಳಲ್ಲೇ ಬೆಳೆದ ಸಹಿಷ್ಣುತೆ ಒಂದು ಕಾರಣವೆಂದು ಬಲವಾದ ವಾದವಿದೆ. ಹೆಂಚು ತೆಗೆಸಿ, ಸಾಮಾನು ಸುಟ್ಟು ಜನರನ್ನು ಹಿಂಸಿಸಿದ ಕ್ರಮಗಳಲ್ಲಿ ಎಷ್ಟೋ ನಿಷ್ಫಲ. ಆದರೂ ಎರಡು ಸಂಗತಿಗಳನ್ನು ತಳ್ಳಿಹಾಕಲಾಗದು. ಬೇನೆ ಬಿದ್ದ ಮನೆಯನ್ನು ಬಿಟ್ಟು ಬಯಲಿಗೆ ಹೋದವರು ತಿಳಿಯದೆಯೇ ಇಲಿಯಿಂದಲೂ ಚಿಗಟದಿಂದಲೂ ದೂರ ಹೋದರು. ಚಿಗಟದ ಪಾತ್ರ ಸಾಬೀತಾದ ಮೇಲೆ, ಊರು ಬಿಡಿಸುವ ಕ್ರಮಕ್ಕೆ ವಿಜ್ಞಾನದ ಸಮರ್ಥನೆ ಸಿಕ್ಕಿತು. ಸ್ಟ್ರೆಪ್ಟೊಮೈಸಿನ್ ಬಳಕೆಗೆ ಬರುವ ವೇಳೆಗೆ ಭಾರತದಲ್ಲಿ ಪ್ಲೇಗಿನ ಸಾವು ಶತಮಾನದ ಆರಂಭದ ಭೀಕರ ಮಟ್ಟದಿಂದ ಬಹಳ ಕೆಳಗೆ ಇಳಿದಾಗಿತ್ತು ಎನ್ನುವುದು ಎರಡನೆಯದು. ಮದ್ದು ಬಂದು ಉಳಿದವರನ್ನು ಉಳಿಸಿತು. ಅಲೆಯನ್ನು ತಗ್ಗಿಸಿದ್ದು ಬೇರೆ ಶಕ್ತಿಗಳು.

ಬಿನ್ನಿಪೇಟೆಯ ಕಡೆಯಿಂದ ನೋಡಿದರೆ ಇನ್ನೊಂದು ಆಕ್ಷೇಪ ಏಳುತ್ತದೆ, ಅದು ನನ್ನ ವಾದವನ್ನು ಹೆಚ್ಚು ಬಾಧಿಸುವಂಥದು. ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಹಿತ್ತಿಲು, ಹಿಂದಿನ ಓಣಿಗಳೊಂದಿಗೆ ಬೆಳೆದವು. ಮಲ್ಲೇಶ್ವರದಲ್ಲಿ ಬ್ಲಾಕುಗಳನ್ನು ಸಮುದಾಯವಾರು ಗೊತ್ತುಮಾಡಿದ್ದರು. ನಿವೇಶನ ಕೊಂಡು ಮನೆ ಕಟ್ಟಬಲ್ಲವರಿಗೆ ಗಾಳಿ ಬೆಳಕು ದಕ್ಕಿತು; ಮಿಲ್ಲಿನ ಸೈರನ್ನಿಗೆ ಓಗೊಡಬೇಕಾದ ಕೂಲಿಕಾರ ಮಿಲ್ಲಿನ ಸುತ್ತಲೇ ಇರಬೇಕಾಯಿತು. ನೆಲೆಯೂರದಂತೆ ತಡೆಯುವ ರಕ್ಷಣೆ ಹಣ, ಜಾತಿ ನೋಡಿ ಹಂಚಿಕೆಯಾಗುತ್ತದೆ, ಚುಚ್ಚುಮದ್ದಾದರೆ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೂ ಸಿಗುತ್ತದೆ. ಆದ್ದರಿಂದ ಬಡವರ ಪಾಲಿಗೆ ಮದ್ದೇ ಹೆಚ್ಚು ನ್ಯಾಯದ್ದು ಎನ್ನಬಹುದು. ಈ ಮಾತಿನಲ್ಲಿ ಸತ್ಯವಿದೆ. ಆದರೆ ಇದು ತಡೆಯ ದಾರಿಯ ದೋಷವಲ್ಲ, ಅದನ್ನು ಹಂಚಿದ ರೀತಿಯ ಅನ್ಯಾಯ. ಬೊಂಡಾಸಿನ ಲೋಳೆ ಕೋಶದ ಮೇಲುಭಾಗದ ಮೊಟ್ಟೆಗಳಿಗೆ ಮಾತ್ರ ಹಬ್ಬಿದರೆ ಕೊಳೆತ ತಳದಿಂದ ಮೇಲಕ್ಕೂ ಏರುತ್ತದೆ. ಬೆಂಗಳೂರಿನಲ್ಲೂ ಒತ್ತೊತ್ತಾದ ಹಳೆಯ ಪೇಟೆಗಳು ಹಾಗೇ ಉಳಿದರೆ ಬಡಾವಣೆಗಳೂ ಸುರಕ್ಷಿತವಲ್ಲ.

ಕೊನೆಯದು, ಇಂದಿನ ರೋಗಿಯ ಪರವಾದ ಆಕ್ಷೇಪ. ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕು ತಗುಲಿ ತೀವ್ರ ನಿಗಾ ಘಟಕದಲ್ಲಿ ಮಲಗಿದವರಿಗೆ ಚರಂಡಿಯ, ಲೋಳೆಯ ಪಾಠ ಹೇಳಿ ಪ್ರಯೋಜನವೇನು? ಅವರಿಗೆ ಹೊಸ ಮದ್ದೇ ಬೇಕು. ಬೇಕು, ಅದಕ್ಕಾಗಿ ಸಮುದ್ರದಲ್ಲಿ ಹುಡುಕುವುದನ್ನು ನಿಲ್ಲಿಸಬಾರದು. ಕೋನ್ ಶಂಖದ ವಿಷದಿಂದ 2004ರಲ್ಲಿ ನೋವು ನಿವಾರಕ ಬಂದಿದೆ, ಸ್ಪಂಜುಗಳಿಂದ ಕಲಿತು ಕ್ಯಾನ್ಸರಿನ ಮದ್ದು ತಯಾರಾಗಿದೆ. ನಾಳೆ ಬ್ಯಾಕ್ಟೀರಿಯಾ ಕೊಲ್ಲುವ ಮದ್ದೂ ಬರಬಹುದು. ಆದರೆ ಬಂದ ಮದ್ದಿನ ಆಯುಷ್ಯ ಎಷ್ಟು ಎಂಬುದಕ್ಕೆ ಪ್ಲೇಗಿನ ಬ್ಯಾಕ್ಟೀರಿಯಾವೇ ಉತ್ತರ ಕೊಟ್ಟಿದೆ. 1995ರಲ್ಲಿ ಮಡಗಾಸ್ಕರ್‌ನ ಹುಡುಗನೊಬ್ಬನಲ್ಲಿ ಸ್ಟ್ರೆಪ್ಟೊಮೈಸಿನ್ ಸೇರಿ ಹಲವು ಆಂಟಿಬಯೋಟಿಕ್‌ಗಳಿಗೆ ಬಗ್ಗದ ತಳಿ ಸಿಕ್ಕಿತು. ಆ ಗುಣ ಹೊತ್ತಿದ್ದ ವಂಶವಾಹಿ ಉಂಗುರಕ್ಕೆ ಹತ್ತಿರದ ನಂಟಿರುವ ಉಂಗುರಗಳು ಆಮೇಲೆ ಮಾಂಸದಂಗಡಿಯ ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲೂ ಕಂಡವು. ಅದೃಷ್ಟವಶಾತ್ ಆ ತಳಿ ಹರಡಲಿಲ್ಲ. 2017ರಲ್ಲಿ ಅದೇ ದೇಶದಲ್ಲಿ ಪ್ಲೇಗು ಎದ್ದಾಗ 2,417 ಮಂದಿ ಸೋಂಕಿತರು ಮತ್ತು ಶಂಕಿತರು, 209 ಸಾವು. ಮದ್ದು ಫಲಿಸಿತು, ಆದರೆ ಸಂಪರ್ಕಕ್ಕೆ ಬಂದವರನ್ನು ಮನೆಮನೆ ಹುಡುಕುವ ಕೆಲಸವೂ ಅಷ್ಟೇ ಬಿರುಸಾಗಿ ನಡೆಯಬೇಕಾಯಿತು.

ಹಾಗಾಗಿ ನಮ್ಮ ಕರಾವಳಿಯಲ್ಲಿ ಆಗಬೇಕಾದ ಕೆಲಸವೂ ಬೇರೆ ಬಗೆಯದು. ಮಲ್ಪೆ, ಮಂಗಳೂರಿನ ಬೊಂಡಾಸು ರಫ್ತಿಗೆ ಹೋಗುವ ಮುನ್ನ ಸಂಸ್ಕರಣಾ ಘಟಕಗಳಲ್ಲಿ ಅದರ ಒಳಭಾಗವನ್ನೆಲ್ಲ ತೆಗೆದು ಹಾಕುತ್ತಾರೆ. ಆ ಕಸದಲ್ಲಿ ಹೆಣ್ಣಿನ ಕೆಂಪು ಗ್ರಂಥಿಯೂ ಹೋಗುತ್ತದೆ. ಒಂದು ಪ್ರಾಣಿಯನ್ನೂ ಹೆಚ್ಚಿಗೆ ಕೊಲ್ಲದೆ, ಋತುವಿನಿಂದ ಋತುವಿಗೆ ಆ ಗ್ರಂಥಿಯಲ್ಲಿ ಯಾವ ಬ್ಯಾಕ್ಟೀರಿಯಾಗಳು ನೆಲೆಸುತ್ತವೆ, ಯಾವುದರ ಜೊತೆಯಲ್ಲಿದ್ದಾಗ ಯಾವುದು ಏನನ್ನು ಸ್ರವಿಸುತ್ತದೆ ಎಂದು ದಾಖಲಿಸಬಹುದು. ಸೀಗಡಿ ಮರಿಕೇಂದ್ರದ ತೊಟ್ಟಿಯ ಗೋಡೆಗೆ ವಿಬ್ರಿಯೊ ಅಂಟುವ ಮೊದಲೇ ಅಂಥ ಸ್ನೇಹಿ ಬ್ಯಾಕ್ಟೀರಿಯಾಗಳ ಪರೆ ಹಬ್ಬಿಸಿದರೆ ಮರಿಗಳು ಉಳಿಯುತ್ತವೆಯೇ ಎಂದು ನೋಡಬಹುದು. ಆಸ್ಪತ್ರೆಯಲ್ಲಿ ಮೂತ್ರದ ಕೊಳವೆ, ಉಸಿರಾಟದ ಕೊಳವೆಗಳ ಒಳಮೈಯಲ್ಲಿ ಪರೆ ಕಟ್ಟಿ ಕಾಡುವ ಬ್ಯಾಕ್ಟೀರಿಯಾಗಳ ಸಮಸ್ಯೆಯೂ ಇದೇ ಜಾತಿಯದು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ 61 ದಿನ ಬಿಟ್ಟರೆ, ಈ ಅಧ್ಯಯನಕ್ಕೆ ಬೇಕಾದ ಗ್ರಂಥಿಗಳು ಮೀನುಗಾರಿಕೆ ಕಾಲೇಜಿಗೆ ಹತ್ತಿರದ ಬಂದರುಗಳಲ್ಲೇ ಬುಟ್ಟಿಗಟ್ಟಲೆ ಸಿಗುತ್ತವೆ.